ಏಳು ವಾರ ಹಚ್ಚಿಕೊಂಡ ಕ್ರೀಮ್

ಬಸುರಾಗಿ ನನಗೆ ಆರು ತಿಂಗಳು ತುಂಬಲು ಇನ್ನೂ ಕೆಲವು ದಿನ ಇರುವಾಗ, ಒಂದು ಬೆಳಿಗ್ಗೆ ಬಲಗೈ ಉಂಗುರ ಬಿಗಿಯೆನಿಸಿತು. ಕಂಪನಿಯ ಗಾಡಿ ಬರುವ ಹೊತ್ತು. ಸಾಬೂನು ಹಚ್ಚಿ ತಿರುಗಿಸಿ ತೆಗೆದೆ. ಅಂಗೈ ಕಡೆಗೆ ಬರುವ ಭಾಗದಲ್ಲಿ ಚಿನ್ನದ ಬಣ್ಣ ಹೋಗಿ, ಬೂದಿ ಬಿಳುಪಿನ ಒಂದು ಕಲೆ ಕೂತಿತ್ತು. ಸೆರಗಿನಿಂದ ಉಜ್ಜಿದೆ. ಹೋಗಲಿಲ್ಲ. ಉಜ್ಜಿದಷ್ಟೂ ಅದು ಬೆಳ್ಳಿಯ ಹಾಗೆ ಹೊಳೆಯಿತು.

ಬೇರೆ ಯಾರಾದರೂ ಆಗಿದ್ದರೆ ಅಕ್ಕಸಾಲಿಗನನ್ನು ಬೈದು ಸುಮ್ಮನಾಗುತ್ತಿದ್ದರು. ನಾನು ಹುಮನಾಬಾದಿನ ಒಂದು ಔಷಧಿ ಕಾರ್ಖಾನೆಯ ಗುಣಮಟ್ಟ ಪರೀಕ್ಷೆ ವಿಭಾಗದಲ್ಲಿ ಕೆಲಸ ಮಾಡುವವಳು. ಚಿನ್ನವನ್ನು ಹೀಗೆ ಬೆಳ್ಳಗೆ ಮಾಡುವುದು ಪಾದರಸ ಎಂದು ನನಗೆ ಗೊತ್ತು. ಉಂಗುರ ಕೈಯಲ್ಲಿ ಹಿಡಿದುಕೊಂಡೇ, ಪಾದರಸ ನನ್ನ ಬೆರಳಿಗೆ ಎಲ್ಲಿಂದ ಬಂತು ಎಂದು ಯೋಚಿಸತೊಡಗಿದೆ. ಲ್ಯಾಬಿನಿಂದ ಬರುವ ಹಾಗಿರಲಿಲ್ಲ. ಗರ್ಭ ನಿಂತದ್ದು ಖಾತ್ರಿಯಾದ ವಾರವೇ ನಾನು ನಮ್ಮ ಮುಖ್ಯಸ್ಥರಿಗೆ ಬರೆದುಕೊಟ್ಟು, ಆಸಿಡ್ಡು, ದ್ರಾವಕಗಳ ಕೋಣೆಯಿಂದ ಕಡತಗಳ ಕೋಣೆಗೆ ಬದಲಾಗಿದ್ದೆ. ಹಿಂದೆ ಒಂದು ಸಲ ಮೂರನೇ ತಿಂಗಳಲ್ಲಿ ಕಳೆದುಕೊಂಡಿದ್ದೆ. ಈ ಸಲ ಲ್ಯಾಬಿನ ಬಾಗಿಲು ತೆರೆದಾಗ ಬರುವ ವಾಸನೆಗೂ ಮೂಗು ಮುಚ್ಚಿಕೊಳ್ಳುತ್ತಿದ್ದೆ.

ಆಮೇಲೆ ನೆನಪಾಯಿತು. ದಿನಾ ರಾತ್ರಿ ಮಲಗುವ ಮುಂಚೆ ಅದೇ ಬೆರಳಿನಿಂದ ನಾನು ಮುಖಕ್ಕೆ ಕ್ರೀಮ್ ಹಚ್ಚಿಕೊಳ್ಳುತ್ತಿದ್ದೆ.

ನಾಲ್ಕನೇ ತಿಂಗಳಲ್ಲಿ ಎರಡೂ ಕೆನ್ನೆ ಮೇಲೆ ಬಂಗು ಬಿದ್ದಿತ್ತು. ಬಸುರಿಯರಿಗೆ ಬೀಳುವ ಕಂದು ಕಲೆ, ಅದರಲ್ಲಿ ಹೊಸದೇನಿಲ್ಲ. ಆದರೆ ಮನೆಗೆ ಬಂದವರೆಲ್ಲ ಮೊದಲು ಮುಖ ನೋಡಿ, ಆಮೇಲೆ ಹೊಟ್ಟೆ ನೋಡುತ್ತಿದ್ದರು. ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಇಟ್ಟುಕೊಂಡಿದ್ದೆವು. ಫೋಟೋ ತೆಗೆಯುತ್ತಾರೆ, ಮುಖ ಹೀಗಿದ್ದರೆ ಹ್ಯಾಗೆ ಎಂದು ನನಗೂ ಅನಿಸಿತ್ತು. ನನ್ನ ನಾದಿನಿ, ಅಂದರೆ ಗಂಡನ ತಂಗಿ, ನಮ್ಮೂರಾದ ಬಸವಕಲ್ಯಾಣದಲ್ಲೇ ಒಂದು ಚಿಕ್ಕ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಗಂಡನ ಮನೆ ಬಿಟ್ಟು ಬಂದ ಮೇಲೆ ತಾನೇ ಕೆಲಸ ಕಲಿತು, ಎರಡು ಕುರ್ಚಿ ಹಾಕಿಕೊಂಡು ಶುರು ಮಾಡಿದ ಅಂಗಡಿ. ಅವಳೇ ಒಂದು ಸಣ್ಣ ಬಿಳಿ ಡಬ್ಬಿ ತಂದುಕೊಟ್ಟಳು. ಏನಿದೆ ಇದರಲ್ಲಿ ಎಂದು ನಾನು ಕೇಳಿದ್ದು ನಿಜ. ಗಿಡಮೂಲಿಕೆಯದು, ತಾನೂ ಅದನ್ನೇ ಹಚ್ಚಿಕೊಳ್ಳುತ್ತೇನೆ ಎಂದಳು. ಹತ್ತು ದಿನದಲ್ಲಿ ಬಂಗು ತೆಳುವಾಯಿತು. ಇಷ್ಟು ಬೇಗ ಹೋಗುವುದು ಹೇಗೆ ಎಂದು ಅನುಮಾನ ಪಡಬೇಕಾದವಳು ನಾನೇ. ಕನ್ನಡಿ ನೋಡಿ ಖುಷಿಪಟ್ಟೆ. ಎರಡನೇ ಡಬ್ಬಿ ಕೇಳಿ ತರಿಸಿಕೊಂಡೆ.

ಕಾರ್ಖಾನೆಯಲ್ಲಿ ಚೀಟಿ ಇಲ್ಲದ, ಬ್ಯಾಚ್ ನಂಬರಿಲ್ಲದ ಒಂದು ಚಮಚ ಪುಡಿ ಬಂದರೂ ನಾವು ಕೆಂಪು ಪಟ್ಟಿ ಹಚ್ಚಿ ಬೇರೆ ಇಡುತ್ತೇವೆ. ಆ ಡಬ್ಬಿಯ ಮೇಲೆ ಒಂದಕ್ಷರವೂ ಇರಲಿಲ್ಲ. ಏಳು ವಾರ ಹಚ್ಚಿಕೊಂಡಿದ್ದೆ.

ಅವತ್ತು ಕೆಲಸಕ್ಕೆ ಹೋದೆ. ಕಡತಗಳ ಕೋಣೆಯಲ್ಲಿ ನನ್ನ ಪಾಲಿಗೆ ಬಂದಿದ್ದ ಕೆಲಸವೇ ಕಚ್ಚಾ ಮಾಲಿನ ವರದಿಗಳನ್ನು ತಾಳೆ ನೋಡುವುದು. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ. ಪ್ರತಿ ಹಾಳೆಯಲ್ಲೂ ಅದೇ ನಾಲ್ಕು ಹೆಸರು, ಮಿತಿಯೊಳಗಿದೆ ಎಂಬುದಕ್ಕೆ ನನ್ನ ಸಹಿ. ಅವತ್ತು ಎರಡು ಹಾಳೆ ದಾಟಿ ಮುಂದಕ್ಕೆ ಹೋಗಲಾಗಲಿಲ್ಲ. ಹೊಟ್ಟೆಯಲ್ಲಿ ಮಗು ಒದ್ದಾಗ ಎಂದಿನಂತೆ ಕೈ ಇಟ್ಟೆ. ಆ ಕೈಯನ್ನೇ ನೋಡಿ ತೆಗೆದುಬಿಟ್ಟೆ.

ಸಂಜೆ ನೇರವಾಗಿ ನಾದಿನಿಯ ಅಂಗಡಿಗೆ ಹೋದೆ. ಹೈದರಾಬಾದ್ ಕಡೆಯಿಂದ ಒಬ್ಬ ಮನುಷ್ಯ ತಿಂಗಳಿಗೊಮ್ಮೆ ಬರುತ್ತಾನೆ, ದೊಡ್ಡ ಡಬ್ಬದಲ್ಲಿ ತಂದು ಕೊಡುತ್ತಾನೆ, ತಾನು ಸಣ್ಣ ಡಬ್ಬಿಗಳಿಗೆ ತುಂಬುತ್ತೇನೆ ಎಂದು ಹೇಳಿದಳು. ಅವನ ಹೆಸರು ಸರಿಯಾಗಿ ಗೊತ್ತಿಲ್ಲ, ಫೋನ್ ನಂಬರ್ ಇದೆ. ಅಲ್ಲೇ ಫೋನ್ ಮಾಡಿ ನೋಡಿದೆವು, ಸ್ವಿಚ್ ಆಫ್. ಉಂಗುರ ತೋರಿಸಿದೆ. ಅವಳು ತಿರುಗಿಸಿ ನೋಡಿ ವಾಪಸ್ ಕೊಟ್ಟಳು.

"ವೈನಿ, ನಾನೂ ಎರಡು ವರ್ಷದಿಂದ ಹಚ್ಚಾಕತ್ತೇನಿ. ನಂಗ ಏನೂ ಆಗಿಲ್ಲಲ್ರಿ."

ಅವಳ ಮಾತಿನಲ್ಲಿ ಮೋಸ ಇರಲಿಲ್ಲ. ಭಯ ಇತ್ತು. ಇದ್ದ ಮಾಲನ್ನು ಕಪಾಟಿನಲ್ಲಿಟ್ಟು ಬೀಗ ಹಾಕಲು ಒಪ್ಪಿಕೊಂಡಳು.

ಮರುದಿನ ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹುಮನಾಬಾದಿಗೆ ಒಯ್ದೆ. ನಮ್ಮ ಲ್ಯಾಬಿನಲ್ಲಿ ಪಾದರಸವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಯಂತ್ರ ಇದೆ. ಬೆಳಿಗ್ಗೆ ಸ್ಯಾಂಪಲ್ ಕರಗಿಸಿದರೆ ಸಂಜೆಗೆ ಉತ್ತರ. ಅದನ್ನು ನಡೆಸಲು ನನ್ನದೇ ಪಾಸ್‌ವರ್ಡ್ ಇನ್ನೂ ಚಾಲ್ತಿಯಲ್ಲಿತ್ತು. ಯಾರನ್ನೂ ಕೇಳದೆ, ಊಟದ ಹೊತ್ತಿನಲ್ಲಿ ಗೆಳತಿಯೊಬ್ಬಳ ಕೈಯಲ್ಲಿ ಮಾಡಿಸಿಬಿಡಬಹುದು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದ್ದೆ. ಆದರೆ ಆ ಯಂತ್ರದಲ್ಲಿ ಮಾಡಿದ್ದು ಯಾವುದೂ ಅಳಿಸಿಹೋಗುವುದಿಲ್ಲ. ಯಾರು, ಎಷ್ಟು ಗಂಟೆಗೆ, ಯಾವ ಸ್ಯಾಂಪಲ್, ಎಲ್ಲ ದಾಖಲಾಗಿ ಕೂತಿರುತ್ತದೆ. ಹೊರಗಿನ ಒಂದು ಸ್ಯಾಂಪಲ್ ಕಂಡರೆ ಹೋಗುವುದು ನನ್ನ ಕೆಲಸ ಒಂದೇ ಅಲ್ಲ, ಆ ಗೆಳತಿಯದೂ ಹೋಗುತ್ತದೆ. ಗೇಟಿನ ಹತ್ತಿರ ಇಳಿದಾಗ ಧೈರ್ಯ ಸಾಲಲಿಲ್ಲ. ಡಬ್ಬಿಯನ್ನು ಸೆಕ್ಯುರಿಟಿಯ ಕೋಣೆಯಲ್ಲೇ ಬಿಟ್ಟು, ಮುಖ್ಯಸ್ಥರ ಬಳಿ ಹೋಗಿ ಎಲ್ಲ ಹೇಳಿದೆ.

ಅವರು ಕಡ್ಡಿ ಮುರಿದಂತೆ ಇಲ್ಲ ಎಂದರು. ಹೊರಗಿನ ವಸ್ತು ಲ್ಯಾಬಿನೊಳಗೆ ಬರುವ ಹಾಗಿಲ್ಲ, ನಿಮಗೇ ಗೊತ್ತಲ್ಲ ಎಂದರು. ನಾನು ಎದ್ದು ಹೊರಟಾಗ ಮತ್ತೆ ಕೂರಿಸಿದರು.

"ಕ್ರೀಮಿಂದು ರಿಪೋರ್ಟ್ ತೊಗೊಂಡ್ ಏನ್ ಮಾಡ್ತೀರಮ್ಮಾ? ಮೊದಲ ನಿಮ್ಮದು ಮಾಡಸ್ರಿ. ಇವತ್ತೇ ಹೋಗ್ರಿ."

ಅರ್ಧ ದಿನದ ರಜೆಗೆ ಅವರೇ ಸಹಿ ಹಾಕಿದರು. ಯಂತ್ರಕ್ಕೆ ಇಲ್ಲ ಎಂದಿದ್ದಕ್ಕೆ ಅವರ ಮೇಲೆ ಬಂದಿದ್ದ ಸಿಟ್ಟು, ಸೆಕ್ಯುರಿಟಿಯಿಂದ ಡಬ್ಬಿ ವಾಪಸ್ ಪಡೆದು ಗೇಟ್ ದಾಟುವಷ್ಟರಲ್ಲಿ ಇಳಿದುಹೋಗಿತ್ತು.

ನನ್ನನ್ನು ನೋಡುತ್ತಿದ್ದ ಹೆರಿಗೆ ಡಾಕ್ಟರ್ ಹುಮನಾಬಾದಿನವರೇ, ವಯಸ್ಸಾದ ಹೆಂಗಸು. ಹೇಳಿದ್ದನ್ನೆಲ್ಲ ಕೇಳಿ, ಬೈಯದೆ, ಬಿ.ಪಿ. ನೋಡಿದರು. ಸರಿಯಾಗಿತ್ತು. ಮೂತ್ರದಲ್ಲಿ ಪ್ರೋಟೀನ್ ಇದೆಯೇ ಎಂದು ಪಟ್ಟಿ ಅದ್ದಿ ನೋಡಿದರು. ಇರಲಿಲ್ಲ. ಪಾದರಸ ಮೊದಲು ಹೊಡೆಯುವುದು ಕಿಡ್ನಿಯನ್ನು, ಬಸುರಿನಲ್ಲಿ ಮಗುವಿನ ಮಿದುಳು ನರಗಳ ಬೆಳವಣಿಗೆಗೂ ತೊಂದರೆ ಮಾಡಬಹುದು ಎಂದು ಮುಚ್ಚಿಡದೆ ಹೇಳಿದರು. ಎಷ್ಟು ಒಳಗೆ ಹೋಗಿದೆ ಎನ್ನುವುದಕ್ಕೆ ಮೂತ್ರವನ್ನು ಹೈದರಾಬಾದಿಗೆ ಕಳಿಸಬೇಕು, ವಾರದ ಮೇಲೆ ಹಿಡಿಯುತ್ತದೆ. ಅಲ್ಲಿಯವರೆಗೆ ದಿಂಬಿನ ಕವರು, ಮುಖ ಒರೆಸುವ ಟವೆಲ್ಲು ಎಲ್ಲ ಬೇರೆ ಮಾಡಿ ಎಸೆಯಬೇಕು. ಕ್ರೀಮನ್ನು ಬಚ್ಚಲಿಗೆ ಚೆಲ್ಲಬಾರದು, ಬಿಗಿಯಾಗಿ ಮುಚ್ಚಿ ಇಡಬೇಕು.

ಬಂಗಿಗೆ ಏನು ಹಚ್ಚಲಿ ಎಂದು ಅಷ್ಟರಲ್ಲೂ ಕೇಳಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅವರು ಅದಕ್ಕೂ ಸಮಾಧಾನದಿಂದಲೇ ಉತ್ತರ ಕೊಟ್ಟರು. ಬಂಗನ್ನು ಹೆಚ್ಚು ಮಾಡುವುದು ಬಿಸಿಲು, ಅದಕ್ಕೆ ಝಿಂಕ್ ಆಕ್ಸೈಡ್ ಇರುವ ಸನ್‌ಸ್ಕ್ರೀನ್ ಸಾಕು. ಚರ್ಮ ಒಣಗಿದರೆ ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್. ಬಸುರಿನಲ್ಲಿ ರೆಟಿನಾಲ್ ಬೇಡ, ಹೈಡ್ರೋಕ್ವಿನೋನ್ ಬೇಡ, ತಾವು ಬರೆದುಕೊಡದ ಸ್ಟಿರಾಯ್ಡ್ ಮುಲಾಮು ಬೇಡ. ಒಳಗಿರುವುದೆಲ್ಲ ಡಬ್ಬಿಯ ಮೇಲೆ ಬರೆದಿರದಿದ್ದರೆ ಯಾವುದೂ ಬೇಡ.

"ಹಡದ ಮ್ಯಾಲ ಬಂಗು ತಾನ ಕಡಿಮಿ ಆಗ್ತದ. ಈಗ ಬೆಳ್ಳಗ ಆಗೂದ್ ಬ್ಯಾಡವ್ವ," ಎಂದರು.

ನನ್ನ ತಲೆಯಲ್ಲಿ ಇನ್ನೊಂದು ಆಸೆ ಸುಳಿದಾಡುತ್ತಿತ್ತು. ಉಂಗುರ ಬೇರೆ ಯಾವುದರಿಂದಲೋ ಹಾಗಾಗಿರಬಹುದು, ಕ್ರೀಮಿನಲ್ಲಿ ಏನೂ ಇಲ್ಲದಿರಬಹುದು. ಆ ಶನಿವಾರ ಬಸವಕಲ್ಯಾಣದಲ್ಲಿ ನನಗೆ ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಕಲಿಸಿದ ಮೇಡಂ ಅವರನ್ನು ಕಾಲೇಜಿನಲ್ಲಿ ಕಂಡೆ. ಯಂತ್ರ ಇಲ್ಲದ ಕಾಲದಲ್ಲಿ ವಿಷ ಪತ್ತೆ ಮಾಡಲು ಬಳಸುತ್ತಿದ್ದ ತಾಮ್ರದ ತಗಡಿನ ಪರೀಕ್ಷೆಯನ್ನು ಅವರೇ ನಮಗೆ ಹೇಳಿಕೊಟ್ಟಿದ್ದರು. ಮಾಡಿಕೊಡಲು ಒಪ್ಪಿದರು. ಕಾಯಿಸುವಾಗ ಆವಿ ಏಳುತ್ತದೆ, ನೀನು ಒಳಗೆ ಬರಬೇಡ ಎಂದು ನನ್ನನ್ನು ವರಾಂಡದ ಕಿಟಕಿಯಾಚೆ ದೂರದಲ್ಲಿ ನಿಲ್ಲಿಸಿದರು. ನನ್ನ ಕೆಲಸವನ್ನು ಇನ್ನೊಬ್ಬರು ಮಾಡುವುದನ್ನು ಗಾಜಿನ ಆಚೆಯಿಂದ ನೋಡುತ್ತ ನಿಂತೆ.

ತಾಮ್ರದ ಎರಡು ಸಣ್ಣ ಪಟ್ಟಿಗಳನ್ನು ನೀರು ಬೆರೆಸಿದ ನೈಟ್ರಿಕ್ ಆಮ್ಲದಲ್ಲಿ ಅದ್ದಿ ಕೆಂಪಗೆ ತೊಳೆದುಕೊಂಡರು. ಎರಡು ನಳಿಕೆಗಳಲ್ಲಿ ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ. ಒಂದಕ್ಕೆ ನನ್ನ ಕ್ರೀಮ್, ಇನ್ನೊಂದಕ್ಕೆ ಹೋಲಿಕೆಗೆಂದು ಸಾದಾ ವ್ಯಾಸಲೀನ್. ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ಕಾದರು. ಮೊದಲ ಸಲ ಏನೂ ತಿಳಿಯಲಿಲ್ಲ. ಜಿಡ್ಡು ಕರಗಿ ಎರಡೂ ಪಟ್ಟಿಗೆ ಮೆತ್ತಿಕೊಂಡು, ಎರಡೂ ಒಂದೇ ಥರ ಮಂಕಾಗಿ ಬಂದವು. ನನಗೆ ಒಂದು ಗಳಿಗೆ ಹಗುರಾಯಿತು. ಮೇಡಂ ತಲೆಯಾಡಿಸಿ, ಹೀಗಾದರೆ ಇದು ಪರೀಕ್ಷೆಯೇ ಅಲ್ಲ ಎಂದರು. ಮತ್ತೆ ಮೊದಲಿನಿಂದ ಶುರು. ಈ ಸಲ ಕ್ರೀಮನ್ನು ಜಿಡ್ಡು ಕರಗಿಸುವ ಹೆಕ್ಸೇನ್ ದ್ರಾವಕದಲ್ಲಿ ಮೂರು ಸಲ ಕಲಕಿ, ಮೇಲೆ ತೇಲಿದ ಎಣ್ಣೆ ಅಂಶ ಬಗ್ಗಿಸಿ ತೆಗೆದರು. ತಳದಲ್ಲಿ ಚಿಟಿಕೆಯಷ್ಟು ಬಿಳಿ ಪುಡಿ ಉಳಿಯಿತು. ಹೆಕ್ಸೇನ್ ಪೂರ್ತಿ ಆರಲು ಬಿಟ್ಟು, ಆ ಪುಡಿಯನ್ನು ನಳಿಕೆಗೆ ಹಾಕಿದರು. ವ್ಯಾಸಲೀನಿಗೂ ಅದೇ ಕ್ರಮ.

ಮುಕ್ಕಾಲು ಗಂಟೆ ಕಳೆದ ಮೇಲೆ ಚಿಮುಟದಿಂದ ಪಟ್ಟಿಗಳನ್ನು ಎತ್ತಿ ನೀರಿನಲ್ಲಿ ತೊಳೆದರು. ವ್ಯಾಸಲೀನಿನದು ಕೆಂಪಗೇ ಇತ್ತು. ಇನ್ನೊಂದು ಬೂದಿ ಬಣ್ಣವಾಗಿತ್ತು. ಸೋಸುಕಾಗದದಿಂದ ಮೆಲ್ಲಗೆ ಉಜ್ಜಿದರು. ಕಿಟಕಿಯ ಬೆಳಕಿಗೆ ಅದು ಹೊಳೆದದ್ದು ನನಗೆ ಅಲ್ಲಿಂದಲೇ ಕಂಡಿತು.

ಮೇಡಂ ಕೈ ತೊಳೆದುಕೊಂಡು ಹೊರಗೆ ಬಂದರು. "ಎಷ್ಟದ ಅಂತ ಇದು ಹೇಳೂದಿಲ್ಲವ್ವ. ಅದ ಅಂತ ಹೇಳ್ತದ, ಅಷ್ಟೇ."

ಮನೆಯಲ್ಲಿ ಅವತ್ತು ಸಂಜೆ ಎಲ್ಲರೂ ಕೂತೆವು. ಅತ್ತೆಯವರು ಅತ್ತರು. ಆಮೇಲೆ, ಹೈದರಾಬಾದಿನ ರಿಪೋರ್ಟ್ ಬರಲಿ, ಅಲ್ಲಿಯವರೆಗೆ ಯಾರಿಗೂ ಹೇಳುವುದು ಬೇಡ, ಮಾರುವುದನ್ನು ನಿಲ್ಲಿಸಿದರಾಯಿತಲ್ಲ ಎಂದರು. ಮಗಳ ಅಂಗಡಿ ಒಮ್ಮೆ ಹೆಸರು ಕೆಡಿಸಿಕೊಂಡರೆ ಅವಳು ಮತ್ತೆ ಯಾವ ಬಾಗಿಲಿಗೆ ಹೋಗಬೇಕು ಎನ್ನುವುದು ಅವರ ಸಂಕಟ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ನಾನೂ ಹೂಂ ಎಂದೆ. ಎಂಟೋ ಹತ್ತೋ ದಿನ, ಅಷ್ಟೇ ತಾನೆ ಎಂದುಕೊಂಡೆ.

ಎಲ್ಲರೂ ಏಳುವಾಗ, ಬೇರೆ ಬಸುರಿಯರು ಯಾರಾದರೂ ಹಚ್ಚುತ್ತಿದ್ದಾರಾ ಎಂದು ನಾದಿನಿಯನ್ನು ಕೇಳಿದೆ. ಹತ್ತಿರದ ಹಳ್ಳಿ ಗೋರ್ಟಾದಲ್ಲಿ ಒಬ್ಬಳಿದ್ದಾಳೆ, ಏಳು ತಿಂಗಳು, ಅವಳ ಮದುವೆಗೆ ಅಲಂಕಾರ ಮಾಡಿದ್ದೂ ತಾನೇ ಎಂದಳು. ಹೋದ ವಾರ ಫೋನ್ ಮಾಡಿದ್ದಳಂತೆ.

"ಕಾಲು ಬಾತಾವು, ಕಾಲುಂಗುರ ಕತ್ತರಿಸಿ ತೆಗಿಸೀನಿ ಅಂದ್ಲ್ರಿ. ಬಸರಿದ್ದಾಗ ಆಗ್ತದ ಬಿಡು ಅಂತ ನಾನೂ ಅಂದೆ."

ಡಾಕ್ಟರ್ ನನ್ನ ಮೂತ್ರದಲ್ಲಿ ಅದ್ದಿದ್ದ ಆ ಪಟ್ಟಿ ಕಣ್ಣ ಮುಂದೆ ಬಂತು. ನನ್ನ ಕಾಲು ಬಾತಿರಲಿಲ್ಲ, ಆದರೂ ನಾನು ಅವತ್ತೇ ಓಡಿದ್ದೆ. ಅವಳ ಕಾಲು ಬಾತು ಒಂದು ವಾರವಾಗಿದೆ, ಅವಳಿಗೆ ಏನೂ ಗೊತ್ತಿಲ್ಲ. ನನ್ನ ರಿಪೋರ್ಟಿಗೂ ಅವಳ ಕಾಲಿಗೂ ಏನು ಸಂಬಂಧ? ನಾಳೆ ಬೆಳಿಗ್ಗೆ ಗೋರ್ಟಾಕ್ಕೆ ಹೋಗುತ್ತೇನೆ, ಯಾರು ಬಂದರೂ ಸರಿ, ಬರದಿದ್ದರೂ ಸರಿ ಎಂದು ಅತ್ತೆಯವರಿಗೆ ಹೇಳಿದೆ. ಅವರ ಮಾತಿಗೆ ನಾನು ಎದುರಾಡಿದ್ದು ಅದೇ ಮೊದಲು.

ಬೆಳಿಗ್ಗೆ ಗಂಡ ಗೆಳೆಯನ ಕಾರು ತಂದು ನಿಲ್ಲಿಸಿದರು. ನಾದಿನಿ ಹಿಂದಿನ ಸೀಟಿನಲ್ಲಿ ಬಂದು ಕೂತಳು. ಗೋರ್ಟಾದಲ್ಲಿ ಹುತಾತ್ಮರ ಸ್ಮಾರಕದ ಹತ್ತಿರ ಮನೆ ವಿಚಾರಿಸಿಕೊಂಡು ಹೋದೆವು. ಅಂಗಳದಲ್ಲಿ ಆ ಹುಡುಗಿಯ ಅತ್ತೆ ತೊಗರಿ ಹಸನು ಮಾಡುತ್ತಿದ್ದರು. ಹುಡುಗಿ ಒಳಗಿನಿಂದ ಬಂದಳು. ಮುಖ ಬೆಳ್ಳಗೆ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಕಣ್ಣಿನ ಕೆಳಗೆ ಬಾವು. ಕಾಲನ್ನು ಬೆರಳಿನಿಂದ ಒತ್ತಿ ನೋಡಿದೆ, ಕುಳಿ ಬಿದ್ದದ್ದು ಏಳಲೇ ಇಲ್ಲ. ತಾಯಿ ಕಾರ್ಡ್ ತರಿಸಿದೆ. ಮೂರು ವಾರದ ಹಿಂದೆ ಬಿ.ಪಿ. ಸರಿಯಿತ್ತು, ಆಮೇಲೆ ತೋರಿಸಿಲ್ಲ. ತಲೆ ನೋಯುತ್ತದೆಯಾ ಎಂದು ಕೇಳಿದರೆ, ಎರಡು ದಿನದಿಂದ ನೋಯುತ್ತಿದೆ, ಕಣ್ಣ ಮುಂದೆ ಮಿಂಚು ಹೊಡೆದ ಹಾಗಾಗುತ್ತದೆ ಎಂದಳು.

ಈಗಲೇ ದವಾಖಾನೆಗೆ ಹೋಗೋಣ ಎಂದೆ. ಅವಳ ಅತ್ತೆ ಮೊರ ಕೆಳಗಿಡಲಿಲ್ಲ. ಭಾನುವಾರ ಯಾವ ಡಾಕ್ಟರ್ ಇರುತ್ತಾರೆ, ಬಸುರಿಯ ಕಾಲು ಬಾಯುವುದು ಹೊಸದೇನಲ್ಲ, ಇಷ್ಟಕ್ಕೂ ನೀವು ಯಾರು ಎಂದರು. ಅಷ್ಟರಲ್ಲಿ ನಾದಿನಿ ಮುಂದೆ ಬಂದಳು.

"ತಪ್ಪು ನಂದದ ರಿ ಅಮ್ಮಾ. ನಾ ಕೊಟ್ಟ ಕ್ರೀಮಿನ್ಯಾಗ ಪಾದರಸ ಅದ. ನಂಗ ಗೊತ್ತಿರಲಿಲ್ಲ. ನೀವ್ ಆಮ್ಯಾಲ ನಂಗ ಏನ್ ಬೇಕಾದ್ ಅನ್ರಿ, ಈಗ ಆಕಿನ್ನ ಗಾಡಿ ಹತ್ತಸ್ರಿ."

ಆ ಹೆಂಗಸು ನಾದಿನಿಯನ್ನು ಒಂದು ಕ್ಷಣ ನೋಡಿದರು. ಮೊರ ಕೆಳಗಿಟ್ಟು, ಒಳಗೆ ಹೋಗಿ, ಸೊಸೆಯ ಸೀರೆಯ ಗಂಟು ಕಟ್ಟಿಕೊಂಡು ಬಂದರು. ಗಾಡಿಯಲ್ಲಿ ಅವರ ಕೈ ಸೊಸೆಯ ಹೊಟ್ಟೆಯ ಮೇಲೇ ಇತ್ತು.

ಬಸವಕಲ್ಯಾಣದ ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದ ನರ್ಸ್ ಎರಡನೇ ಸಲ ನೋಡಿದಳು. ನೂರಾ ಎಪ್ಪತ್ತು, ನೂರಾ ಹತ್ತು. ಪ್ರೋಟೀನ್ ಮೂರು ಪ್ಲಸ್. ಡ್ಯೂಟಿ ಡಾಕ್ಟರಿಗೆ ನಾನು ಕ್ರೀಮಿನ ವಿಷಯ, ತಾಮ್ರದ ಪಟ್ಟಿಯ ವಿಷಯ ಹೇಳಿದೆ. ಅವರು ಬರೆದುಕೊಂಡರು. ಫಿಟ್ಸ್ ಬರದಂತೆ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿನಲ್ಲಿ ಬೀದರಿಗೆ ಕಳಿಸಿದರು. ನಾದಿನಿ ಅದರೊಳಗೆ ಹತ್ತಿದಳು. ಯಾರೂ ಬೇಡವೆನ್ನಲಿಲ್ಲ.

ಬೀದರಿನಲ್ಲಿ ನಾಲ್ಕು ದಿನ ಬಿ.ಪಿ. ಹಿಡಿದಿಟ್ಟರು. ಐದನೇ ದಿನ ಆಪರೇಷನ್ ಮಾಡಿ ಮಗುವನ್ನು ತೆಗೆದರು. ಗಂಡು, ಎರಡು ಅಂಗೈಯಲ್ಲಿ ಹಿಡಿಸುವಷ್ಟು. ಗಾಜಿನ ಪೆಟ್ಟಿಗೆಯಲ್ಲಿ ಒಂದೂವರೆ ತಿಂಗಳು ಇದ್ದು ಬದುಕಿತು. ಅವಳಿಗೆ ಹಾಗಾದದ್ದು ಕ್ರೀಮಿನಿಂದಲೋ, ಬಸುರಿನಲ್ಲಿ ಕೆಲವರಿಗೆ ಏರುವ ಬಿ.ಪಿ.ಯಿಂದಲೋ, ಎರಡೂ ಸೇರಿಯೋ ಎಂದು ಅಲ್ಲಿನ ಡಾಕ್ಟರುಗಳನ್ನು ಕೇಳಿದೆ. ಖಚಿತವಾಗಿ ಹೇಳಲು ಬರುವುದಿಲ್ಲ ಎಂದರು. ಇನ್ನೆರಡು ದಿನ ಮನೆಯಲ್ಲೇ ಇದ್ದಿದ್ದರೆ ಎಂದು ಶುರು ಮಾಡಿದ ಮಾತನ್ನು ಒಬ್ಬರು ಅರ್ಧಕ್ಕೇ ನಿಲ್ಲಿಸಿದರು.

ಇದರ ನಡುವೆ ನನ್ನ ರಿಪೋರ್ಟ್ ಬಂತು. ಇರಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಔಷಧಿ ಕೊಟ್ಟು ಹೊರತೆಗೆಯುವಷ್ಟಲ್ಲ, ನಿಲ್ಲಿಸಿದ್ದೀರಿ, ಇಳಿಯುತ್ತದೆ, ತಿಂಗಳ ಮೇಲೆ ಮತ್ತೆ ನೋಡೋಣ ಎಂದರು ಡಾಕ್ಟರ್. ಆ ತಿಂಗಳು ಕಳೆದದ್ದು ಹೇಗೆಂದು ಹೇಳಲಾರೆ. ಮಗು ಒದ್ದರೆ ಭಯ, ಒದೆಯದಿದ್ದರೆ ಭಯ. ಕುಬಸದ ದಿನ ಮುಖದ ತುಂಬ ಬಂಗು ಮತ್ತೆ ಬಂದಿತ್ತು. ಹಸಿರು ಸೀರೆ ಉಡಿಸಿ ಕೂರಿಸಿದಾಗ, ಬಂದವರು ಮುಖ ನೋಡಿದ್ದು ನನ್ನ ಗಮನಕ್ಕೂ ಬರಲಿಲ್ಲ. ಎರಡನೇ ರಿಪೋರ್ಟಿನಲ್ಲಿ ಅಂಕಿ ಅರ್ಧಕ್ಕಿಂತ ಕೆಳಗೆ ಬಂದಿತ್ತು.

ನಾದಿನಿ ಬೀದರಿನಿಂದ ಬಂದ ಮೇಲೆ, ನೆನಪಿದ್ದ ಹೆಸರುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಳು. ದೂರು ಬರೆದು, ಒಂದು ಡಬ್ಬಿ ಸಮೇತ ಔಷಧ ಇಲಾಖೆಯವರಿಗೆ ಕೊಟ್ಟೆವು. ಉಳಿದ ಮಾಲನ್ನೂ ಅವರೇ ಒಯ್ದರು. ತಂದು ಕೊಡುತ್ತಿದ್ದ ಮನುಷ್ಯ ಮತ್ತೆ ಬರಲಿಲ್ಲ. ನಾದಿನಿ ಒಬ್ಬೊಬ್ಬರ ಮನೆಗೂ ತಾನೇ ಹೋದಳು. ಕೆಲವರು ಬೈದರು. ಒಬ್ಬಳು ಬಾಗಿಲು ಹಾಕಿಕೊಂಡಳು. ಇನ್ನೊಬ್ಬಳು, ಇದ್ದರೆ ಒಂದು ಡಬ್ಬಿ ಕೊಟ್ಟು ಹೋಗು, ನಾನೇನು ಬಸುರಿಯಲ್ಲ ಎಂದಳಂತೆ. ಎರಡು ತಿಂಗಳು ಪಾರ್ಲರಿನಲ್ಲಿ ಹುಬ್ಬು ತೀಡಿಸಿಕೊಳ್ಳಲೂ ಯಾರೂ ಬರಲಿಲ್ಲ.

ಹಾಳೆಯಲ್ಲಿದ್ದವರೆಲ್ಲ ಮುಗಿದರು ಎಂದು ನಾನು ಅಂದುಕೊಂಡ ದಿನ ಅವಳು ಇನ್ನೊಂದು ಮಾತು ಹೇಳಿದಳು. ಬೇಸಿಗೆಯಲ್ಲಿ ಚಿಟಗುಪ್ಪದವಳೊಬ್ಬಳು ಮದುವೆಗೆಂದು ಇಲ್ಲಿಗೆ ಬಂದಾಗ ಎರಡು ಡಬ್ಬಿ ಒಯ್ದಿದ್ದಾಳೆ. ತನಗೆ ಮೂರು ತಿಂಗಳ ಬಸುರು ಎಂದು ಆಗ ಹೇಳಿದ ನೆನಪು. ಹೆಸರು ಕೇಳಿರಲಿಲ್ಲ. ಮದುವೆ ಮನೆಯವರನ್ನು ವಿಚಾರಿಸಿದೆವು. ಅವರಿಗೂ ಗುರುತು ಸಿಗಲಿಲ್ಲ. ಚಿಟಗುಪ್ಪದ ಆಶಾ ಕಾರ್ಯಕರ್ತೆಯರಿಗೆ ಹೇಳಿದೆವು. ಮುಖ ನೋಡಿದರೆ ಗುರುತು ಹಿಡಿಯುತ್ತೇನೆ ಎಂದು ನಾದಿನಿ ಪ್ರತಿ ವಾರ ಚಿಟಗುಪ್ಪದ ಸಂತೆಯ ದಿನ ಅಂಗಡಿ ಮುಚ್ಚಿ, ಬಸ್ ಹತ್ತಿ, ಅಲ್ಲಿನ ಬಸ್ ನಿಲ್ದಾಣದಲ್ಲಿ ಮಧ್ಯಾಹ್ನದವರೆಗೆ ನಿಂತು ಬರತೊಡಗಿದಳು.

ನನಗೆ ದಿನ ತುಂಬಿಯೇ ಹೆಣ್ಣುಮಗು ಹುಟ್ಟಿತು. ತೂಕ ಸರಿಯಿತ್ತು, ಹುಟ್ಟಿದ ಕೂಡಲೇ ಅತ್ತಿತು. ಕಿವಿ ಪರೀಕ್ಷೆಯಲ್ಲಿ ಪಾಸಾಯಿತು. ಇಷ್ಟರಿಂದ ಎಲ್ಲ ಹೇಳಲಾಗದು, ಕತ್ತು ನಿಲ್ಲುವುದು, ಕೂರುವುದು, ಮಾತು, ಒಂದೊಂದನ್ನೂ ಗಮನಿಸುತ್ತಿರಿ ಎಂದು ಡಾಕ್ಟರ್ ಹೇಳಿ ಕಳಿಸಿದರು. ಗಮನಿಸುತ್ತಲೇ ಇದ್ದೇನೆ. ಇದುವರೆಗೆ ಎಲ್ಲವೂ ಆಯಾ ತಿಂಗಳಿಗೆ ಬಂದಿದೆ.

ಹೆರಿಗೆಯಾದ ದಿನ ಎಲ್ಲರೂ ಬಂದಿದ್ದರು, ನಾದಿನಿ ಮಾತ್ರ ಬಂದಿರಲಿಲ್ಲ. ಅವತ್ತು ಚಿಟಗುಪ್ಪದ ಸಂತೆ. ಮರುದಿನ ಬಂದು ಮಗುವನ್ನು ಮಡಿಲಿಗೆ ಹಾಕಿಕೊಂಡು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಸಿಕ್ಕಳಾ ಎಂದು ಕೇಳಿದೆ. ಇಲ್ಲ ಎಂದು ತಲೆಯಾಡಿಸಿದಳು.

"ಇಕಿ ಛಲೋ ಇದ್ದಾಳಲ್ರಿ ವೈನಿ?"

"ಇದ್ದಾಳ."

"ಆಕೀದೂ ಈಗ ಹುಟ್ಟಿರಬೇಕ್ರಿ," ಎಂದಳು.

ಅವಳು ಮಗುವಿನ ಮುಷ್ಟಿಯನ್ನು ಮತ್ತೆ ಮೆಲ್ಲಗೆ ಮುಚ್ಚಿ, ನನ್ನ ಪಕ್ಕ ಮಲಗಿಸಿ, ಮುಂದಿನ ಸಂತೆಗೆ ಬೆಳಗಿನ ಮೊದಲ ಬಸ್ಸಿಗೇ ಹೋಗುತ್ತೇನೆ ಎಂದಳು.